ವೈನಿಯ ರೇಡಿಯೋ ದನಿ

ಹೋದ ತಿಂಗಳು ಅಣ್ಣನ ಮಗಳು ತನ್ನ ಕಚೇರಿ ತೋರಿಸುತ್ತೇನೆಂದು ನನ್ನನ್ನು ಹೈದರಾಬಾದಿನ ಮಾದಾಪುರಕ್ಕೆ ಕರೆದುಕೊಂಡು ಹೋಗಿದ್ದಳು. ಮಕ್ಕಳಿಗೆ ಕೇಳಿ ಕಲಿಯುವ ಪಾಠಗಳನ್ನು ತಯಾರಿಸುವ ಸಣ್ಣ ಕಂಪನಿ ಅದು. ಧ್ವನಿಮುದ್ರಣ ಮಾಡುವ ಕೋಣೆಯೊಳಗೆ ನನ್ನನ್ನು ಕೂರಿಸಿ ಅವಳು ದಪ್ಪ ಬಾಗಿಲನ್ನು ಎಳೆದುಕೊಂಡಳು. ಹೊರಗಿನ ಸದ್ದೆಲ್ಲ ಒಮ್ಮೆಗೇ ನಿಂತುಹೋಯಿತು. ಆಗ ಮೂಗಿಗೆ ಬಂತು ಆ ವಾಸನೆ. ಗೋಡೆಗೆ ಅಂಟಿಸಿದ ಸ್ಪಂಜು, ನೆಲದ ಕಾರ್ಪೆಟ್ಟು, ಬಿಸಿಲನ್ನೇ ಕಾಣದ ತಣ್ಣನೆಯ ಗಾಳಿ, ಅದರೊಳಗೆ ಎಲ್ಲೋ ಬಿಸಿಯಾಗುತ್ತಿರುವ ಯಂತ್ರ... ಇಂಥ ಕೋಣೆಗೆ ನಾನು ಹಿಂದೆ ಒಂದೇ ಸಲ ಹೋಗಿದ್ದೆ. ವೈನಿಯ ಜೊತೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಈ ಹುಡುಗಿಯ ತಾಯಿ. ನಮ್ಮ ಕಡೆ ಅತ್ತಿಗೆಯನ್ನು ಹಾಗೇ ಕರೆಯುವುದು. ಅವರು ಮದುವೆಯಾಗಿ ನಾರಾಯಣಗೂಡದ ನಮ್ಮ ಮನೆಗೆ ಬಂದಾಗ ನಾನಿನ್ನೂ ಬಿ.ಕಾಂ. ಓದುವ ಹುಡುಗಿ. ಅಪ್ಪ ಸರಕಾರಿ ನೌಕರಿಯ ಕೊನೆಯ ವರ್ಷಗಳಲ್ಲಿದ್ದರು. ಅಜ್ಜನ ಕಾಲದಿಂದ ಹೈದರಾಬಾದಿನಲ್ಲೇ ಇದ್ದವರು ನಾವು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತೆಲುಗು, ಹಾಲಿನವನ ಹತ್ತಿರ, ರಿಕ್ಷಾದವನ ಹತ್ತಿರ ಉರ್ದು. ವೈನಿ ಕಲಬುರಗಿಯವರು, ಕನ್ನಡದಲ್ಲಿ ಎಂ.ಎ. ಮಾಡಿದ್ದರು. ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ತರಕಾರಿ ಗಾಡಿ ಬಂದರೂ ಒಳಗಿನಿಂದ ನನ್ನನ್ನು ಕೂಗುತ್ತಿದ್ದರು. ಭಾಳ ಮಾತಿನ ಹೆಂಗಸು ಅವರು. ಅಂಥವರಿಗೆ ಬಾಗಿಲಾಚೆ ಮಾತೇ ಇಲ್ಲದ ಊರು ಸಿಕ್ಕಿತ್ತು.

ಆಗ ನಮ್ಮ ಊರಿನ ರೇಡಿಯೋದಲ್ಲಿ ಸಂಜೆ ಅರ್ಧ ಗಂಟೆ ಕನ್ನಡ ಕಾರ್ಯಕ್ರಮ ಬರುತ್ತಿತ್ತು. ಅದಕ್ಕೊಬ್ಬ ನಿರೂಪಕಿ ಬೇಕಾಗಿದ್ದಾರೆಂದು ಅಪ್ಪನ ಗೆಳೆಯರೊಬ್ಬರು ಹೇಳಿದರು. ವೈನಿ ಧ್ವನಿ ಪರೀಕ್ಷೆಗೆ ಹೋದರು, ಆಯ್ಕೆಯಾದರು. ಅವ್ವನಿಗೆ ಇದು ಸರಿಬರಲಿಲ್ಲ. ಮನೆಯ ಸೊಸೆಯ ದನಿ ಚಹಾದ ಹೋಟೆಲಿನಲ್ಲೆಲ್ಲ ಕೇಳಿಸಬೇಕೇ ಎಂಬುದು ಅವಳ ತಕರಾರು. ಅಪ್ಪ ಪರವಾಗಿಯೂ ಮಾತಾಡಲಿಲ್ಲ, ವಿರುದ್ಧವೂ ಮಾತಾಡಲಿಲ್ಲ. ಮೊದಲ ದಿನ ಸಂಜೆ ರೇಡಿಯೋವನ್ನು ಎತ್ತಿ ಕಿಟಕಿಯಲ್ಲಿಟ್ಟು, ಓಣಿಗೆಲ್ಲ ಕೇಳುವಂತೆ ದನಿ ಏರಿಸಿ ಕೂತರು. ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆದರೆ ಕಾರ್ಯಕ್ರಮ ಮುಗಿಯುವವರೆಗೆ ಒಳಗಿನಿಂದ ಒಗ್ಗರಣೆಯ ಸದ್ದೂ ಬರಲಿಲ್ಲ.

“ಪ್ರಿಯ ಶ್ರೋತೃಗಳೇ, ನಮಸ್ಕಾರ” ಎಂದು ವೈನಿ ಶುರು ಮಾಡುತ್ತಿದ್ದರು. ಪುಸ್ತಕದ ಕನ್ನಡ, ಒಂದೊಂದು ಅಕ್ಷರವೂ ಇಸ್ತ್ರಿ ಮಾಡಿದಂತೆ. ಮನೆಯಲ್ಲಿ ನಮ್ಮೊಡನೆ ಐತಿ, ಬರ್ತೈತಿ ಎನ್ನುವ ವೈನಿಯೇ ಇವರು ಎಂದು ನಂಬುವುದು ಕಷ್ಟವಾಗುತ್ತಿತ್ತು. ಹಾಗೇ ಮಾತಾಡಬೇಕು ಎಂದು ಅಲ್ಲಿ ಕಲಿಸಿದ್ದರು, ಅವರು ಕಲಿತಿದ್ದರು.

ತೆಲುಗನ್ನೂ ಕಲಿತರು. ಎರಡು ಮೂರು ವರ್ಷಗಳಲ್ಲಿ ಎಷ್ಟು ಸಲೀಸಾಯಿತೆಂದರೆ, ಟೀವಿಯವರು ಮಹಿಳೆಯರ ಕಾರ್ಯಕ್ರಮ ಶುರು ಮಾಡಿದಾಗ ಅದನ್ನು ನಡೆಸಿಕೊಡಲು ಇವರನ್ನೇ ಕರೆದರು. ರೇಡಿಯೋದ ಜೊತೆಗೆ ವಾರಕ್ಕೊಮ್ಮೆ ವೈನಿ ಪರದೆಯ ಮೇಲೂ ಬರುತ್ತಿದ್ದರು. ಡಾಕ್ಟರನ್ನೋ ವಕೀಲರನ್ನೋ ಎದುರಿಗೆ ಕೂರಿಸಿಕೊಂಡು, ನೋಡುವ ಹೆಂಗಸರು ಕೇಳಲು ಹಿಂಜರಿಯುವುದನ್ನು ತಾವು ಕೇಳುತ್ತಿದ್ದರು. ನಾರಾಯಣಗೂಡದ ಬೀದಿಯಲ್ಲಿ ಅವರೊಡನೆ ನಡೆಯುವುದೇ ಒಂದು ಸಂಭ್ರಮವಾಯಿತು. ಬಳೆ ಅಂಗಡಿಯವನು ಸ್ಟೂಲು ಹಾಕಿ ಕೂರಿಸುತ್ತಿದ್ದ. ಟೀವಿಯಲ್ಲಿ ಉಡಲು ಅವರ ಹತ್ತಿರ ಅಷ್ಟು ಸೀರೆಗಳಿರಲಿಲ್ಲ. ಒಂದು ದಿನ ಅವ್ವ ತಾನಾಗಿಯೇ ಟ್ರಂಕು ತೆಗೆದು ತನ್ನ ಇಳಕಲ್ ಸೀರೆಗಳನ್ನು ಮಂಚದ ಮೇಲೆ ಹರವಿದಳು. ಆಮೇಲಿಂದ ಪ್ರತಿ ವಾರದ ಸೀರೆಯನ್ನು ಆರಿಸುವ ಹಕ್ಕು ಅವಳದೇ ಆಯಿತು. ಯಾರಾದರೂ ಮನೆಗೆ ಬಂದರೆ, ಆ ವಾರ ಸೊಸೆ ಉಟ್ಟಿದ್ದು ತನ್ನ ಸೀರೆ ಎಂದು ಹೇಳದೆ ಕಳಿಸುತ್ತಿರಲಿಲ್ಲ.

ಅಣ್ಣನ ಮಗಳು ಆಗಿನ್ನೂ ಸಣ್ಣವಳು. ನನಗೆ ಸಿಕಂದರಾಬಾದಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. ಒಂದು ಚಳಿಗಾಲದ ಬೆಳಿಗ್ಗೆ ವೈನಿ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದಾಗ ನೀರು ನಿಲ್ಲದೆ ಬಲಗಡೆಯಿಂದ ಸೋರಿತು. ಮತ್ತೊಮ್ಮೆ ನೀರು ಹಾಕಿಕೊಂಡರು, ಮತ್ತೆ ಹಾಗೇ ಆಯಿತು. ಕನ್ನಡಿಯ ಮುಂದೆ ನಿಂತಾಗ ಬಲಗಡೆಯ ಕಣ್ಣು ಮುಚ್ಚುತ್ತಿಲ್ಲ, ತುಟಿ ಜೋತುಬಿದ್ದಿದೆ. ಅವ್ವ ಲಕ್ವಾ ಹೊಡೆದಿದೆ ಎಂದು ಅಳತೊಡಗಿದಳು. ಅಂಥದ್ದೇನೂ ಅಲ್ಲ, ಮುಖದ ನರವೊಂದಕ್ಕೆ ಬಾವು ಬಂದಿದೆ, ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ವೈನಿ ಆ ಹೆಚ್ಚಿನವರ ಪೈಕಿ ಆಗಲಿಲ್ಲ. ಕಣ್ಣು ಮುಚ್ಚುವಂತಾಯಿತು. ತುಟಿ ಅರ್ಧ ಮಾತ್ರ ಮೇಲೆದ್ದಿತು. ನಕ್ಕರೆ ಮುಖ ಒಂದೇ ಕಡೆಗೆ ಎಳೆದುಕೊಳ್ಳುತ್ತಿತ್ತು.

ಟೀವಿಯವರು ಒಳ್ಳೆಯ ಮಾತನ್ನೇ ಆಡಿದರು. ವಿಶ್ರಾಂತಿ ತೆಗೆದುಕೊಳ್ಳಿ, ಆರೋಗ್ಯ ಮುಖ್ಯ ಎಂದರು. ಕೆಲವು ವಾರಗಳ ನಂತರ ಆ ಕುರ್ಚಿಯಲ್ಲಿ ಬೇರೊಬ್ಬ ಹುಡುಗಿ ಕಾಣಿಸಿದಳು. ನಾವೆಲ್ಲ ಊಟಕ್ಕೆ ಕೂತಿದ್ದೆವು. ಅವ್ವ ಎದ್ದು ಹೋಗಿ ಟೀವಿ ಆರಿಸಿದಳು. ವೈನಿ ಎಡಗೈಯಿಂದಲೇ ಮತ್ತೆ ಹಚ್ಚಿ, ಕೊನೆಯವರೆಗೆ ನೋಡಿದರು.

“ಹುಡುಗಿ ಚಲೋ ಮಾತಾಡ್ತಾಳ,” ಅಂದರು. “ಕೈ ಒಂದ್ ಭಾಳ ಆಡಸ್ತಾಳ.”

ಆಮೇಲೆ ಎದ್ದು ಕೈ ತೊಳೆಯಲು ಹೋದವರು ಬಹಳ ಹೊತ್ತು ಬರಲಿಲ್ಲ. ನಲ್ಲಿಯ ಸದ್ದು ಮಾತ್ರ ಕೇಳುತ್ತಿತ್ತು.

ರೇಡಿಯೋಕ್ಕೆ ಮುಖ ಬೇಕಾಗಿಲ್ಲವಲ್ಲ ಎಂದು ಅಣ್ಣ ಹೇಳಿದ. ಹೇಳಿದಷ್ಟು ಸುಲಭವಿರಲಿಲ್ಲ. ಎರಡೂ ತುಟಿ ಗಟ್ಟಿಯಾಗಿ ಕೂಡದೆ ಪ, ಬ, ಮ ಹುಟ್ಟುವುದಿಲ್ಲ. ವೈನಿಯ ಬಾಯಲ್ಲಿ ಆ ಅಕ್ಷರಗಳು ಗಾಳಿಯಾಗಿ ಪಕ್ಕದಿಂದ ಹೋಗಿಬಿಡುತ್ತಿದ್ದವು. ಸಂಜೆ ನಾನು ಬ್ಯಾಂಕಿನಿಂದ ಬಂದ ಮೇಲೆ ಇಬ್ಬರೂ ಮಾಳಿಗೆಗೆ ಹೋಗುತ್ತಿದ್ದೆವು. ಅವರು ತುಟಿಯ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು ದಿನಪತ್ರಿಕೆ ಓದುವುದು, ನಾನು ಬೆನ್ನು ತಿರುಗಿಸಿ ಕೂತು ಯಾವ ಪದ ಕೆಟ್ಟಿತು ಎಂದು ಹೇಳುವುದು. ಬೆನ್ನು ತಿರುಗಿಸಬೇಕೆಂದು ಅವರೇ ಹೇಳಿದ್ದರು. ಮುಖ ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತದೆ, ಆಗ ಕೆಟ್ಟಿದ್ದನ್ನೂ ಚೆನ್ನಾಗಿದೆ ಅನ್ನುತ್ತೇನೆ ಎಂದು ಅವರ ಲೆಕ್ಕ. ನಿಜವೂ ಇತ್ತು. ಆ ಇಡೀ ಬೇಸಿಗೆ ನಾವು ಹಾಗೆ ಕಳೆದೆವು. ಬೆರಳು ತೆಗೆದರೂ ಬಹುಪಾಲು ಪದಗಳು ನಿಲ್ಲುವಂತಾದವು. ವಾಕ್ಯದ ನಡುವೆ ಬಂದರೆ ಹೇಗೋ ಆಗುತ್ತಿತ್ತು. ಶುರುವಿನಲ್ಲೇ ಬಂದ ಪ ಮಾತ್ರ ಕೈಕೊಡುತ್ತಿತ್ತು.

ರೇಡಿಯೋ ಕೇಂದ್ರದಲ್ಲಿ ಕನ್ನಡ ವಿಭಾಗ ನೋಡಿಕೊಳ್ಳುತ್ತಿದ್ದ ಅಧಿಕಾರಿ ವಯಸ್ಸಾದವರು, ಸೌಮ್ಯ ಸ್ವಭಾವದವರು. ಒಂದು ಸಲ ಮುದ್ರಿಸಿ ಕೇಳೋಣ, ಸರಿಬಂದರೆ ಮುಂದುವರಿಸೋಣ ಎಂದರು. ಸರಿಬರದಿದ್ದರೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ದಿನ ವೈನಿ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅವರು ಒಳಗಿನ ಕೋಣೆಯಲ್ಲಿ ಕೂತರು. ಅವರ ಹಿಂದೆ ಗೋಡೆಗೆ ತಾಗಿ ನನಗೊಂದು ಕುರ್ಚಿ. ಗಾಜಿನ ಆಚೆಗೆ ಅಧಿಕಾರಿ, ಯಂತ್ರ ನಡೆಸುವವರು. ಅಧಿಕಾರಿಯ ಕಣ್ಣು ವೈನಿಯ ತುಟಿಯ ಮೇಲೇ ಇತ್ತು. ಅವರದೇನೂ ಕೆಟ್ಟ ಉದ್ದೇಶವಲ್ಲ, ಯಾರ ಕಣ್ಣಾದರೂ ಅಲ್ಲಿಗೇ ಹೋಗುತ್ತಿತ್ತು.

ವೈನಿ ಮೈಕಿನ ಹತ್ತಿರ ಬಾಗಿ, “ಸರ್, ನನ್ನ ಕಡೆ ನೋಡಬ್ಯಾಡ್ರಿ,” ಅಂದರು. “ಕೇಳ್ರಿ, ಅಷ್ಟ ಸಾಕು.”

ಅಧಿಕಾರಿ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತರು. ಕೆಂಪು ದೀಪ ಹತ್ತಿತು. ಪ್ರಿಯ ಎಂಬ ಪದದ ಆ ಮೊದಲ ಅಕ್ಷರ ಬರುವುದನ್ನೇ ಕಾಯುತ್ತ ಕೂತಿದ್ದೆ. ಅದು ಬರಲೇ ಇಲ್ಲ.

“ಎಲ್ಲಾರೂ ಹ್ಯಾಂಗದೀರಿ?” ಅಂದರು ವೈನಿ.

ಮನೆಯ ಮಾತು. ಆ ವಾಕ್ಯದಲ್ಲಿ ತುಟಿ ಕೂಡಿಸಬೇಕಾದ ಅಕ್ಷರ ಒಂದೂ ಇಲ್ಲವೆಂದು ನನಗೆ ಹೊಳೆದದ್ದು ಆಮೇಲೆ. ಅಷ್ಟು ದಿನ ಮಾಳಿಗೆಯ ಮೇಲೆ ನನ್ನ ಬೆನ್ನ ಹಿಂದೆ ಓದುತ್ತಿದ್ದವರು ಇದನ್ನು ನನಗೂ ಹೇಳಿರಲಿಲ್ಲ. ಶುರು ಹಾಗಾದ ಮೇಲೆ ಮುಂದಿನದೂ ಅದೇ ಧಾಟಿಯಲ್ಲಿ ಹೋಯಿತು. ಎರಡು ಮೂರು ಕಡೆ ಮ ಸ್ವಲ್ಪ ಸಡಿಲಾಯಿತು. ಮುಗಿದ ಮೇಲೆ ಅಧಿಕಾರಿ ಕುರ್ಚಿ ತಿರುಗಿಸಿ, ಇದು ನಮ್ಮ ರೇಡಿಯೋದ ಭಾಷೆಯಲ್ಲವಲ್ಲ ಎಂದರು. ಮತ್ತೆ ತಾವೇ, ಇರಲಿ, ಕೇಳಲು ಹಿತವಾಗಿದೆ, ಮುಂದಿನ ವಾರದಿಂದ ಬನ್ನಿ ಎಂದರು. ಮನೆಗೆ ಬರುವಾಗ ರಿಕ್ಷಾದಲ್ಲಿ ವೈನಿ ನನ್ನ ಕೈ ಹಿಡಿದುಕೊಂಡಿದ್ದರು.

ಆ ಮಾತು ಊರಿಗೆ ಹಿಡಿಸಿತು. ಆಗ ಹೈದರಾಬಾದಿನ ಎಲ್ಲ ಕಡೆ ಹೊಸ ಕಟ್ಟಡಗಳು ಏಳುತ್ತಿದ್ದವು. ರಾಯಚೂರು, ಯಾದಗಿರಿ ಕಡೆಯಿಂದ ಸಂಸಾರ ಸಮೇತ ಕೆಲಸಕ್ಕೆ ಬಂದವರು ಆ ಕಟ್ಟಡಗಳ ಬುಡದಲ್ಲೇ ಶೆಡ್ಡು ಹಾಕಿಕೊಂಡಿರುತ್ತಿದ್ದರು. ಸಂಜೆ ಆ ಶೆಡ್ಡುಗಳಲ್ಲಿ ವೈನಿಯ ದನಿ ಕೇಳತೊಡಗಿತು. ವೈನಿ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಅಲ್ಲಿಗೇ ಹೋಗಿ ಅವರನ್ನು ಮಾತಾಡಿಸಿ ಬರುತ್ತಿದ್ದರು. ಊರಿನಿಂದ ಯಾಕೆ ಬಂದಿರಿ, ಮಕ್ಕಳು ಎಲ್ಲಿ ಓದುತ್ತವೆ, ಹಬ್ಬಕ್ಕೆ ಏನು ಮಾಡಿದಿರಿ... ಇಂಥವೇ ಪ್ರಶ್ನೆಗಳು. ತಮ್ಮ ದನಿ ರೇಡಿಯೋದಲ್ಲಿ ಬರುತ್ತದೆಂದು ಆ ಹೆಂಗಸರು ಓಣಿಯವರನ್ನೆಲ್ಲ ಕೂಡಿಸುತ್ತಿದ್ದರಂತೆ. ಅಲ್ಲಿ ಯಾರೂ ತನ್ನ ತುಟಿಯ ವಿಷಯ ಕೇಳುವುದಿಲ್ಲ ಎಂದು ವೈನಿ ಒಮ್ಮೆ ಅವ್ವನಿಗೆ ಹೇಳಿದ್ದರು.

ವರ್ಷ ಕಳೆದಂತೆ ತುಟಿ ಇನ್ನಷ್ಟು ಸರಿಹೋಯಿತು. ಪ ಕೂಡ ಬಂತು. ಹಳೆಯ ಹಾಗೆ ಪ್ರಿಯ ಶ್ರೋತೃಗಳೇ ಎಂದು ಈಗ ಅನ್ನಬಹುದಲ್ಲ ಎಂದು ನಾನು ಕೇಳಿದೆ. ಹಾಗೆ ಅಂದರೆ ಜನ ಯಾರೋ ಬೇರೆಯವರು ಬಂದಿದ್ದಾರೆ ಎಂದುಕೊಳ್ಳುತ್ತಾರೆ ಎಂದು ನಕ್ಕರು. ನಿವೃತ್ತರಾಗುವವರೆಗೂ ಹ್ಯಾಂಗದೀರಿ ಎಂದೇ ಕೇಳಿದರು.

ಇದನ್ನೆಲ್ಲ ಹೇಳಿದರೆ ವೈನಿ ಎಲ್ಲವನ್ನೂ ಗೆದ್ದರು ಎನ್ನಿಸಬಹುದು. ಹಾಗೇನಿಲ್ಲ. ಫೋಟೋ ತೆಗೆಯುವವರನ್ನು ಕಂಡರೆ ಅವರು ಕೊನೆಯವರೆಗೂ ಒಳಗೆ ಹೋಗುತ್ತಿದ್ದರು. ನನ್ನ ಮದುವೆಯ ಫೋಟೋಗಳಲ್ಲಿ ಅವರು ಇರುವುದು ಒಂದರಲ್ಲಿ, ಅದರಲ್ಲೂ ಪಕ್ಕಕ್ಕೆ ತಿರುಗಿದ್ದಾರೆ. ನಿವೃತ್ತಿಯಾದ ಮೇಲೆ ಖಾಸಗಿ ಟೀವಿಯವರೊಬ್ಬರು ಹಳೆಯ ಕಾಲದ ನಿರೂಪಕಿಯರ ಸಂದರ್ಶನ ಮಾಡುತ್ತೇವೆ, ಬನ್ನಿ ಎಂದು ಮನೆಗೇ ಬಂದು ಕರೆದರು. ಹೋಗಬೇಕೆಂದು ನಾವೆಲ್ಲ ಒತ್ತಾಯ ಮಾಡಿದೆವು. ವೈನಿ ಬಂದವರಿಗೆ ಚಹಾ ಕೊಟ್ಟು ಕಳಿಸಿದರು.

“ಅಷ್ಟು ಧೈರ್ಯ ನನಗಿಲ್ಲವ್ವಾ,” ಎಂದು ಆಮೇಲೆ ನನ್ನೊಬ್ಬಳಿಗೇ ಹೇಳಿದರು.

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಹೃದಯದ ತೊಂದರೆ, ಹೆಚ್ಚು ದಿನ ನರಳಲಿಲ್ಲ. ತೀರಿಕೊಂಡ ಮರುದಿನ ನಮಗೆ ಗುರುತಿಲ್ಲದ ಹೆಂಗಸೊಬ್ಬಳು ಗೇಟಿನ ಹತ್ತಿರ ಬಂದು, ರೇಡಿಯೋ ಅಕ್ಕಾರ ಮನಿ ಇದೇ ಏನ್ರಿ ಎಂದು ಕೇಳಿದಳು. ಯಾದಗಿರಿ ಕಡೆಯವಳು, ನಮ್ಮ ಹಿಂದಿನ ಓಣಿಯ ಅಪಾರ್ಟ್‌ಮೆಂಟಿನಲ್ಲಿ ಗಂಡ ವಾಚ್‌ಮನ್. ಚಿಕ್ಕವಳಿದ್ದಾಗ ಶೆಡ್ಡಿನಲ್ಲಿ ಕೇಳುತ್ತಿದ್ದಳಂತೆ. ಒಳಗೆ ಬಂದು ಹಾರ ಹಾಕಿದ ಫೋಟೋದ ಮುಂದೆ ನಿಂತಳು. ಅದು ಟೀವಿಯ ಕಾಲದ ಫೋಟೋ. ಮುಖ ಕಾಣುವಂಥದ್ದು ಬೇರೆ ನಮ್ಮ ಹತ್ತಿರ ಇರಲಿಲ್ಲ.

“ಹಿಂಗಿದ್ರೇನ್ರಿ ಅಕ್ಕಾರು,” ಅಂದಳು. “ನಾ ಮಾರಿ ನೋಡಿದ್ದಿಲ್ಲ.”

ಹೂಂ, ಹೀಗೇ ಇದ್ದರು ಎಂದ ಅಣ್ಣ.

ಮಾದಾಪುರದ ಕೋಣೆಯಲ್ಲಿ ಅಣ್ಣನ ಮಗಳು ನನಗೆ ಹೇಳಬೇಕೆಂದಿದ್ದ ವಿಷಯ ಬೇರೆಯೇ ಇತ್ತು. ತಾಯಿಯ ಧ್ವನಿಮುದ್ರಿಕೆಗಳಿದ್ದರೆ ಇಲ್ಲಿ ಸ್ವಚ್ಛ ಮಾಡಿ ಇಟ್ಟುಕೊಳ್ಳೋಣ ಎಂದು ರೇಡಿಯೋ ಕೇಂದ್ರಕ್ಕೆ ಹೋಗಿ ವಿಚಾರಿಸಿದ್ದಳು. ಅವರು ಹುಡುಕಿ ನೋಡಿ, ಆ ಕಾಲದಲ್ಲಿ ಟೇಪು ತುಟ್ಟಿಯಾಗಿತ್ತು, ಒಂದರ ಮೇಲೆ ಇನ್ನೊಂದನ್ನು ಮುದ್ರಿಸುತ್ತಿದ್ದರು, ಯಾವುದೂ ಉಳಿದಿಲ್ಲ ಎಂದರಂತೆ. ಆ ಅರ್ಧ ಗಂಟೆಯ ಕಾರ್ಯಕ್ರಮವೂ ಈಗ ಇಲ್ಲ. ಮನೆಯವರ ಫೋನುಗಳಲ್ಲಿ ಮದುವೆ ಮುಂಜಿಯ ವಿಡಿಯೋಗಳಿವೆ. ಅವುಗಳಲ್ಲಿ ವೈನಿ ಅಲ್ಲೊಮ್ಮೆ ಇಲ್ಲೊಮ್ಮೆ ಕಾಣುತ್ತಾರೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ಮಾತಾಡುವುದಿಲ್ಲ.

ಅತ್ಯಾ, ನನ್ನ ಅವ್ವನ ದನಿ ನಿನಗೆ ನೆನಪಿದೆಯಾ ಎಂದು ಕೇಳಿದಳು. ಇದೆ ಎಂದೆ. ಅವರು ಆಡಿದ್ದೆಲ್ಲ ನೆನಪಿದೆ, ಎಲ್ಲಿ ನಿಲ್ಲಿಸುತ್ತಿದ್ದರು, ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು ಎಂಬುದೂ ನೆನಪಿದೆ. ಆದರೆ ಈಚೆಗೆ ಆ ಮಾತುಗಳನ್ನು ನೆನೆದರೆ ಅವು ಬರುವುದು ನನ್ನ ದನಿಯಲ್ಲಿ. ಅದನ್ನು ಹುಡುಗಿಗೆ ಹೇಳಲಿಲ್ಲ.