ನಮ್ಮ ಮನೆಯ ವಾರಾನ್ನ

ನಮ್ಮದು ನಾಲ್ಕೇ ಜನರ ಮನೆ, ಆದರೆ ಒಬ್ಬೊಬ್ಬರ ವಾರ ಒಂದೊಂದು ಥರ. ಪೀಣ್ಯದ ಕಾರ್ಖಾನೆಗೆ ಹೋಗುವ ನಮ್ಮವರಿಗೆ ಭಾನುವಾರ ಬರುವುದು ಬುಧವಾರ. ಇರುವ ಕರೆಂಟನ್ನು ಎಲ್ಲರಿಗೂ ಹಂಚಬೇಕಲ್ಲ, ಅದಕ್ಕೆ ಅವರ ಕಾರ್ಖಾನೆಗೆ ಅಂದು ರಜೆ. ನಾಲ್ಕನೇ ಕ್ಲಾಸಿನ ಮಗಳು ವೀಣಾಗೆ ಭಾನುವಾರ ಭಾನುವಾರವೇ ಬರುತ್ತದೆ. ರಾಣೆಬೆನ್ನೂರಿನ ಕಡೆಯಿಂದ ಬಂದು ನಮ್ಮೊಂದಿಗಿರುವ ಅತ್ತೆಗೆ ವಾರವೆಂದರೆ ಸೋಮವಾರ. "ಇವತ್ತ ನಂದು ವಾರ ಐತಿ" ಎಂದರೆ ಅಂದು ಅವರಿಗೆ ಒಪ್ಪೊತ್ತಿನ ಊಟ, ಈರುಳ್ಳಿ ಬೆಳ್ಳುಳ್ಳಿ ಒಲೆಯ ಹತ್ತಿರ ಸುಳಿಯುವಂತಿಲ್ಲ. ನನ್ನ ಭಾನುವಾರ ಯಾವತ್ತು ಬರುತ್ತದೆಂದು ನಾನೂ ಕಾಯುತ್ತಿದ್ದೇನೆ.

ಈ 'ವಾರ' ಎಂಬುದೇ ಒಂದು ಸೋಜಿಗದ ಪದ. ಏಳು ದಿನ ಸೇರಿದರೆ ವಾರ, ಅದರೊಳಗಿನ ಒಂದು ದಿನವೂ ವಾರ, ಆ ದಿನದ ವ್ರತವೂ ವಾರ. ಸಾಲದ್ದಕ್ಕೆ ಹೊಲವನ್ನು ಪಾಲಿಗೆ ಕೊಟ್ಟರೆ ಅದೂ ವಾರ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕೈಗೆ ಸಿಕ್ಕಿದ್ದರೆ ಇಂಥ ಪದವನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಒಂದು ಪದಕ್ಕೆ ಒಂದು ಅರ್ಥ, ಒಂದು ಪೀರಿಯಡ್ಡಿಗೆ ಒಂದು ಪಾಠ ಎನ್ನುವವರು ಅವರು.

ಅವರ ಶಿಸ್ತು ನನ್ನ ಅಡುಗೆಮನೆಗೆ ನುಗ್ಗಿದ್ದು ವೀಣಾ ಶಾಲೆಯ ಪ್ರಾರ್ಥನೆಯಲ್ಲಿ ತಲೆಸುತ್ತಿ ಬಿದ್ದ ಮೇಲೆ. ನಾಗಸಂದ್ರದ ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು, "ನೋಡಿ, ಎಷ್ಟು ಬಿಳಿಚಿಕೊಂಡಿದೆ. ರಕ್ತ ಸಾಲದು. ಊಟ ಸರಿಯಾಗಿ ಮಾಡ್ತಾಳಾ?" ಎಂದರು. ಏನು ಹೇಳಲಿ? ಅವಳ ಊಟದ ಡಬ್ಬಿ ಹೋದ ಹಾಗೆಯೇ ಹಿಂತಿರುಗುತ್ತಿತ್ತು. ಕೇಳಿದರೆ "ಹಸಿವಿರ್ಲಿಲ್ಲ" ಎನ್ನುತ್ತಿದ್ದಳು. ರಾಗಿ, ಸೊಪ್ಪು, ಕಾಳು ವಾರದಲ್ಲಿ ಯಾವುದೂ ತಪ್ಪಬಾರದು, ಎರಡು ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು.

ಅಂದೇ ಡ್ರಾಯಿಂಗ್ ಹಾಳೆ ತಂದು, ಸ್ಕೇಲಿಟ್ಟು ಗೆರೆ ಎಳೆದು, ವಾರದ ಅಡುಗೆಗೆ ಟೈಮ್‌ಟೇಬಲ್ ಬರೆದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮಂಗಳವಾರ ರಾಗಿರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ. ಗುರುವಾರ ಚಪಾತಿ, ಮೊಳಕೆ ಹೆಸರುಕಾಳು. ಅತ್ತೆಯ ಸೋಮವಾರಕ್ಕೂ ನಮ್ಮವರ ಬುಧವಾರಕ್ಕೂ ಅವರವರಿಗೆ ಒಗ್ಗುವಂಥದ್ದು. ಸೆಕೆಂಡ್ ಶಿಫ್ಟ್ ಮುಗಿಸಿ ಬಂದ ನಮ್ಮವರು ಅದನ್ನು ನಿಂತುಕೊಂಡೇ ಓದಿದರು.

"ಏನೇ ಇದು, ನಮ್ಮ ಫ್ಯಾಕ್ಟ್ರಿ ಪ್ಲಾನಿಂಗ್‌ನೋರು ನಿನ್ ಹತ್ರ ಕಲೀಬೇಕು. ಪಿ.ಟಿ. ಪೀರಿಯಡ್ ಯಾವಾಗ?"

"ಉಂಡಾದ ಮೇಲೆ ನೀವು ಪಾತ್ರೆ ತೊಳೆದರೆ ಅದೇ ಪಿ.ಟಿ.," ಎಂದೆ.

ಟೈಮ್‌ಟೇಬಲ್ಲಿನ ಪವಾಡ ನೋಡಿ! ಎರಡನೆಯ ವಾರದಿಂದಲೇ ಡಬ್ಬಿ ಖಾಲಿಯಾಗಿ ಬರತೊಡಗಿತು. ಬರೀ ಖಾಲಿಯಲ್ಲ, ಬೆರಳಿನಿಂದ ಬಳಿದಷ್ಟು ಖಾಲಿ. ಮಗಳ ಕೆನ್ನೆ ತುಂಬಿಕೊಂಡಿತು, ಮೆಟ್ಟಿಲನ್ನು ಓಡಿ ಹತ್ತುವಂತಾದಳು. ಡಾಕ್ಟರಮ್ಮ ಮತ್ತೆ ರೆಪ್ಪೆ ಎಳೆದು ನೋಡಿ, "ಪರವಾಗಿಲ್ವೇ, ಕೆಂಪಗಾಗಿದೆ! ಏನು ಕೊಟ್ರಿ?" ಎಂದಾಗ ನಾನು ನುಗ್ಗೆಸೊಪ್ಪಿನ ಮೇಲೆ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಅಕ್ಕಪಕ್ಕದ ಮನೆಯವರಿಗೂ ಟೈಮ್‌ಟೇಬಲ್ ಬರೆದುಕೊಟ್ಟೆ. ಯಾರೂ ಕೇಳಿರಲಿಲ್ಲ.

ಆಮೇಲೊಂದು ಮಂಗಳವಾರ ಬೆಳಿಗ್ಗೆ ಗ್ಯಾಸ್ ಮುಗಿದುಹೋಯಿತು. ಒಲೆ ಬೇಡದ ಮೊಸರವಲಕ್ಕಿ ಕಲಸಿ ಡಬ್ಬಿಗೆ ಹಾಕಿದೆ. ವೀಣಾ ಮುಚ್ಚಳ ತೆಗೆದು ನೋಡಿದವಳೇ ಅಳು ಶುರುಮಾಡಿದಳು.

"ಅಮ್ಮಾ, ಇವತ್ತು ಮಂಗಳವಾರ! ರಾಗಿರೊಟ್ಟಿ ಎಲ್ಲಿ? ಶಬಾನಾಗೆ ನಾನೇನು ಕೊಡ್ಲಿ?"

"ಶಬಾನಾಗಾ? ನಿನ್ನ ಡಬ್ಬಿ ಶಬಾನಾಗ್ಯಾಕೆ?"

ಎಲ್ಲ ಹೊರಬಿತ್ತು. ನನ್ನ ಅಡುಗೆಗೆ ದಿನ ಗೊತ್ತಾದದ್ದೇ ತಡ, ಒಂದೇ ಕ್ಲಾಸಿನ ಮೂವರು ಹುಡುಗಿಯರು ಸೇರಿ ಡಬ್ಬಿಗಳಿಗೂ ದಿನ ಗೊತ್ತುಮಾಡಿಕೊಂಡಿದ್ದರು. ಮಂಗಳವಾರದ ನಮ್ಮ ರೊಟ್ಟಿ ಶಬಾನಾಗೆ. ವೀಣಾಗೆ ನಾಗಸಂದ್ರದ ಹಳೇ ಊರಿನ ಲತಾಳ ಡಬ್ಬಿ.

"ಲತಾ ಡಬ್ಬೀಲಿ ಏನಿರುತ್ತೆ?"

"ರಾಗಿರೊಟ್ಟಿ, ನುಗ್ಗೆಸೊಪ್ಪು."

"ನಾನು ಕಟ್ಟೋದೂ ಅದೇ ಅಲ್ವೇನೇ!"

"ಅಯ್ಯೋ, ಅದು ಲತಾ ಮನೇದು ಅಮ್ಮ," ಎಂದಳು, ಇಷ್ಟೂ ತಿಳಿಯದೇ ಎನ್ನುವಂತೆ.

ಅಲ್ಲೇ ಕೂತು ಕೇಳುತ್ತಿದ್ದ ಅತ್ತೆ, "ಆ ಶಬಾನಾನ ಡಬ್ಬಿಯೊಳಗ ಮೊಟ್ಟಿ ಗಿಟ್ಟಿ ಇರತೈತೇನ?" ಎಂದರು.

"ಇಲ್ಲಜ್ಜಿ. ಗುರುವಾರ ನಾನು ಅವಳದ್ದು ತಿನ್ನೋದು ಅಂತ ಅವರಮ್ಮಂಗೆ ಗೊತ್ತು. ಅವತ್ತು ಬರೀ ಪುದೀನಾ ಚಪಾತಿ, ಆಲೂಗಡ್ಡೆ."

ಅತ್ತೆ ನಕ್ಕುಬಿಟ್ಟರು. "ನೋಡವಾ, ನಿನ್ನ ಮಗಳು ವಾರಾನ್ನ ಉಣ್ಣಾಕತ್ಯಾಳ! ನಮ್ಮ ಅಣ್ಣ ಹಿಂಗ ಏಳು ಮನಿ ಉಂಡು ಮಾಸ್ತರ ಆದ."

ವಾರಾನ್ನ! ಓದಲು ಊರಿಗೆ ಬಂದ ಬಡ ಹುಡುಗರು ದಿನಕ್ಕೊಂದು ಮನೆಯಂತೆ ಉಂಡು ಬೆಳೆಯುತ್ತಿದ್ದ ಪದ್ಧತಿ. ಸೋಮವಾರದ ಮನೆಯಲ್ಲಿ ಬೇಳೆ, ಮಂಗಳವಾರದ ಮನೆಯಲ್ಲಿ ಸೊಪ್ಪು, ಶುಕ್ರವಾರದ ಮನೆಯಲ್ಲಿ ಪಾಯಸ. ಯೋಚಿಸಿದರೆ, ಅದಕ್ಕಿಂತ ಸಮತೂಕದ ಆಹಾರ ಇನ್ನೇನಿದೆ? ಅದನ್ನು ಗೆರೆ ಎಳೆದು ಯಾರೂ ಬರೆದಿರಲಿಲ್ಲ, ಅಷ್ಟೆ. ನಮ್ಮ ಮೂವರು ಹುಡುಗಿಯರಿಗೆ ಬಡತನವೇನೂ ಇರಲಿಲ್ಲ. ಇದ್ದದ್ದು ಅಮ್ಮನ ಅಡುಗೆಯ ಬೇಸರ. ಅದೂ ಒಂದು ಕೊರತೆಯೇ ಇರಬೇಕು; ಡಾಕ್ಟರಮ್ಮನ ಚೀಟಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಮಾರನೆಯ ದಿನ ಶಾಲೆಯ ಗೇಟಿನ ಬಳಿ ಶಬಾನಾಳ ತಾಯಿ ನನ್ನನ್ನು ಹುಡುಕಿಕೊಂಡು ಬಂದರು. ಅದುವರೆಗೆ ನಾವು ಮಾತಾಡಿರಲಿಲ್ಲ.

"ಅಕ್ಕ, ನಿನ್ನೆ ಏನಾಯ್ತು? ರೊಟ್ಟಿ ಇಲ್ಲ ಅಂತ ನಮ್ಮ ಹುಡುಗಿ ಮನೇಗ್ ಬಂದು ಒಂದೇ ಗಲಾಟೆ. ಸೊಪ್ಪು ಅಂತ ಅವಳು ತಿನ್ನೋದು ವಾರದಲ್ಲಿ ಅದೊಂದೇ ದಿನ."

ಗ್ಯಾಸ್ ಮುಗಿದಿತ್ತೆಂದೆ.

"ಮುಂದಿನ್ ಸಲ ಮುಗಿದ್ರೆ ನಮ್ಮನೇಗ್ ಬಂದ್ಬಿಡಿ. ಸ್ಟೌ ಇದೆ, ಹಿಟ್ಟೂ ಇದೆ. ಆದ್ರೆ ನೀವೇ ತಟ್ಟಬೇಕು ಅಕ್ಕ. ನಾನು ಮಾಡಿದ್ರೆ ಅವಳಿಗೆ ಗೊತ್ತಾಗ್ಬಿಡುತ್ತೆ."

ಮಗಳ ಕೆನ್ನೆಯ ಕೆಂಪು ಯಾರ ಮನೆಯ ಸೊಪ್ಪಿನದೆಂದು ಈಗ ನಾನು ಲೆಕ್ಕ ಹಾಕುವುದಿಲ್ಲ. ಮಂಗಳವಾರದ ರೊಟ್ಟಿಗೆ ಮಾತ್ರ ನನಗೇ ತಿಳಿಯದಂತೆ ಒಂದು ಚಮಚ ತುಪ್ಪ ಹೆಚ್ಚಿಗೆ ಬೀಳುತ್ತದೆ. ಬೇರೆಯವರ ಮಗು ತಿನ್ನುವುದಲ್ಲವೇ? ಆ ಹೊತ್ತಿಗೆ ಲತಾಳ ಅಮ್ಮನೂ ತಮ್ಮ ಒಲೆಯ ಮುಂದೆ ಹೀಗೇ ಅಂದುಕೊಳ್ಳುತ್ತಿರಬೇಕು.