ತಾತನ ಕಾರಿಗೆ ಅಮ್ಮ ಕೈ ಹಾಕಿದ್ದು

ಅಪ್ಪನದು ಹೊಲಿಗೆಯಂಗಡಿ, ಅಮ್ಮನದು ಗ್ಯಾರೇಜು. ಇದರಲ್ಲಿ ಹುಬ್ಬೇರಿಸುವಂಥದ್ದೇನಿದೆಯೋ ನನಗಂತೂ ತಿಳಿಯದು. ತವರಿನಲ್ಲಿ ತನ್ನಪ್ಪನ ಜೊತೆ ಸ್ಪ್ಯಾನರ್ ಹಿಡಿದು ಕಲಿತ ವಿದ್ಯೆ ಅದು. ಊರಿನ ಮುಕ್ಕಾಲುಪಾಲು ಹಳೇ ಗಾಡಿಗಳು ಅವಳ ಮಾತು ಕೇಳುತ್ತವೆ. ಅವಳು ಮುಟ್ಟದೇ ಇದ್ದದ್ದು ಒಂದೇ ಕಾರು, ಮನೆಯ ಮುಂದೆ ನಿಲ್ಲುವ ನನ್ನ ತಾತನ ಕಾರು. "ಸೊಸೆ ಕೈಲಿ ಕಾರು ಬಿಚ್ಚಿಸೋಷ್ಟು ಗತಿಗೆಟ್ಟಿಲ್ಲ ನಾನು" ಎಂದು ಅವರು ಅಮ್ಮ ಮದುವೆಯಾಗಿ ಬಂದ ಹೊಸದರಲ್ಲೇ ಹೇಳಿದ್ದರಂತೆ. ಅಮ್ಮನ ಹಟವೇನು ಕಮ್ಮಿಯೇ? ಅವರಾಗಿ ಕೇಳುವ ತನಕ ಬಾನೆಟ್ ಎತ್ತುವುದಿಲ್ಲವೆಂದು ಕೂತಳು.

ಆ ಕಾರು ನಿಂತಲ್ಲೆಲ್ಲ ಎಣ್ಣೆ ಸುರಿಸತೊಡಗಿತು. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಿಂದ ತೊಟತೊಟ. ಪೇಟೆಯ ಗ್ಯಾರೇಜಿನವರು ಎಂಜಿನ್ ಇಳಿಸಿ, ಅಲ್ಲಿ ಎಣ್ಣೆ ತಡೆಯುವ ಹಿಂದಿನ ಸೀಲ್ ಬದಲಿಸಿದರು. ಆದರೂ ಸೋರಿತು. ಎಂಜಿನ್ನಿನ ಆಯುಸ್ಸು ಮುಗಿಯಿತು, ಗುಜರಿಗೆ ಹಾಕಿ ಎಂದು ಕೈ ತೊಳೆದುಕೊಂಡರು. ಗುಜರಿಯವನು ಮರುದಿನ ಬರುವುದೆಂದಾಯಿತು. ತಾತ ತಟ್ಟೆಯ ಮುಂದೆ ಕೂತು ಕಲಸಿದ ಅನ್ನವನ್ನೇ ಕಲಸುತ್ತಿದ್ದರು. ನನಗೆ ಅಯ್ಯೋ ಅನ್ನಿಸಿತು, ಮೈಯೂ ಉರಿಯಿತು.

"ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೀತೀರಲ್ಲ ತಾತಾ!" ಎಂದುಬಿಟ್ಟೆ.

ತಾತ ತಟ್ಟೆ ನೋಡುತ್ತಲೇ ಅಮ್ಮನಿಗೆ, "ಒಂದ್ಸಲ ನೋಡ್ತೀಯೇನಮ್ಮಾ?" ಅಂದರು. ಅಮ್ಮ ಆಗಲೇ ಎದ್ದಿದ್ದಳು.

"ಎಣ್ಣೆ ತೊಟ್ಟಿಕ್ಕೋದು ಒಂದು ಕಡೆ, ಹೊರಡೋದು ಇನ್ನೊಂದು ಕಡೆ ಮಾವಾ. ಮೊದ್ಲು ಮೈ ತೊಳೀಬೇಕು" ಎಂದು ಎಂಜಿನ್ನನ್ನು ಸೀಮೆಎಣ್ಣೆಯಿಂದ ತಿಕ್ಕಿ ಒಣಗಿಸಿದಳು. ಆಮೇಲೆ ಅಜ್ಜಿಯ ಪೌಡರ್ ಡಬ್ಬಿ ತಂದು ಮೇಲೆಲ್ಲ ಉದುರಿಸಿದಳು.

"ನಾನೇ ಅಷ್ಟು ಬಳ್ಕೊಳ್ಳಲ್ಲ ಕಣೇ!" ಎಂದು ಅಜ್ಜಿ ಬಾಯಿ ಬಡಿದುಕೊಂಡರು.

ಎಂಜಿನ್ ಚಾಲೂ ಮಾಡಿ ಟಾರ್ಚ್ ಬಿಟ್ಟರೆ, ಬಿಳಿ ಪುಡಿಯ ಮೇಲೆ ಕಪ್ಪು ಗೆರೆಯೊಂದು ಎಂಜಿನ್ನಿನ ಮೇಲ್ಮುಚ್ಚಳದ ಹಿಂದಿನ ಮೂಲೆಯಿಂದ ಕೆಳಗಿಳಿದು ಬರುತ್ತಿತ್ತು. ಪೇಟೆಯವರು ಬಿಚ್ಚಿದ್ದು ಕೆಳಗೆ, ಸೋರುತ್ತಿದ್ದದ್ದು ಮೇಲೆ! ಅಮ್ಮ ಮುಚ್ಚಳದ ಕೆಳಗೆ ಸಂದು ಮುಚ್ಚುವ ಪ್ಯಾಕಿಂಗ್ ಬದಲಿಸಿದಳು. ಮತ್ತೆ ಚಾಲೂ ಮಾಡಿದರೆ ಮತ್ತೆ ಒದ್ದೆ. ತಾತ ನಿಟ್ಟುಸಿರುಬಿಟ್ಟು ಒಳಗೆ ಹೊರಟರು.

"ನಿಲ್ಲಿ ಮಾವಾ" ಎಂದು ಅಮ್ಮ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತಿರುಗಿಸಿದಳು. ಒಳಗಿನ ಗಾಳಿ ಬುಸ್ಸೆಂದು ಮುಖಕ್ಕೆ ನುಗ್ಗಿತು. ಅವಳು ಹಿಗ್ಗಿಹೋದಳು. "ಪಾಪ, ಇದಕ್ಕೆ ಉಸಿರು ಕಟ್ಟಿದೆ! ಗಾಳಿ ಹೋಗೋ ದಾರಿ ಮುಚ್ಚಿದೆ, ಅದಕ್ಕೇ ಎಣ್ಣೇನ ಸಂದೀಲಿ ದಬ್ತಿದೆ." ಗಾಳಿ ಕೊಳವೆಯ ಜಾಡು ಹಿಡಿದು ಕೆಳಗೆ ಹೋದರೆ, ಅದರ ತುದಿಗೆ ಯಾರೋ ಮರದ ಬೆಣೆ ಜಡಿದಿದ್ದರು.

ತಾತ ಅಜ್ಜಿಯತ್ತ ನೋಡಿ ಕೆಮ್ಮಿದರು. "ಇವಳಿಗೆ ಕಾರಲ್ಲಿ ಹೊಗೆ ನಾತಕ್ಕೆ ತಲೆ ತಿರುಗ್ತಿತ್ತು, ಅದಕ್ಕೆ ನಾನೇ..."

"ಹಾಕಿ, ಎಲ್ಲಾ ನನ್ನ ತಲೆಗೇ ಕಟ್ಟಿ!" ಎಂದರು ಅಜ್ಜಿ. ಆದರೂ ಮುಖ ಅರಳಿತ್ತು.

ಅಮ್ಮ ನಕ್ಕು ಬೆಣೆ ಕಿತ್ತು, ಹೊಗೆ ಕಾರಿನ ಹಿಂದಕ್ಕೆ ಹೋಗಲೆಂದು ಉದ್ದನೆಯ ಕೊಳವೆ ಕೂಡಿಸಿದಳು. ಎಂಜಿನ್ನಿಗೆ ಉಸಿರೂ ಬಂತು, ಅಜ್ಜಿಯ ಮೂಗಿಗೆ ತೊಂದರೆಯೂ ತಪ್ಪಿತು. ಕಾರನ್ನು ಊರು ಸುತ್ತಿಸಿ ತಂದು, ಕೆಳಗೆ ರಟ್ಟು ಹಾಸಿಟ್ಟಳು. ನನ್ನಮ್ಮ ಅಂದರೆ ಸುಮ್ಮನೆಯೇ?

ಬೆಳಿಗ್ಗೆ ಗುಜರಿಯವನು ಬಂದಾಗ ತಾತ ಆ ರಟ್ಟನ್ನು ಅವನ ಮೂಗಿಗೇ ಹಿಡಿದರು. ಒಂದು ತೊಟ್ಟೂ ಇರಲಿಲ್ಲ.

"ಯಾವ ಮೆಕ್ಯಾನಿಕ್ಕು ಸಾರ್?"

ತಾತ ಗಂಟಲು ಸರಿಮಾಡಿಕೊಂಡು ಮೆಲ್ಲಗೆ, "ನಮ್ಮ ಸೊಸೆ" ಅಂದರು.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರಿ ಮಾವಾ? ಕೇಳಿಸ್ಲಿಲ್ಲ."

ತಾತ ಅವಳ ಕಡೆ ತಿರುಗಿದರು. ಆಮೇಲೆ ಬೀದಿಯವರೆಲ್ಲ ಕಿಟಕಿ ತೆರೆಯುವಷ್ಟು ಜೋರಾಗಿ ಕೂಗಿ ಹೇಳಿದರು: "ನಮ್ಮ ಸೊಸೆ ಕಣಯ್ಯಾ! ನಮ್ಮ ಸೊಸೆ!"