ಮಲ್ಲಿಗೆ ವಾಸನೆಯ ಕಾರು

ಇವತ್ತು ಬೆಳಿಗ್ಗೆ ಚಾಮರಾಜಪೇಟೆಯಲ್ಲಿ ಹಳೆಯ ಕಾರೊಂದನ್ನು ನೋಡಲು ಹೋಗಿದ್ದೆ. ಮಾರುವವನು ಬಾಗಿಲು ತೆಗೆದ ಕೂಡಲೇ ಮಲ್ಲಿಗೆಯ ವಾಸನೆ ಮುಖಕ್ಕೆ ಬಡಿಯಿತು. ಹೂವಿನದಲ್ಲ, ಸೀಸೆಯದು. ನೀವಾಗಿದ್ದರೆ ಒಳಗೆ ಕುಳಿತು ನೋಡುತ್ತಿದ್ದಿರೇನೋ. ನಾನು ಹಿಂದಕ್ಕೆ ಸರಿದೆ.

ಇದೇ ವಾಸನೆಯ ಕಾರೊಂದು ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೂ ಬಂದಿತ್ತು. ಆಗ ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬಸವನಗುಡಿಯ ರಸ್ತೆಗಳು ಮರದ ನೆರಳಿಗೆ ಹೆಸರಾದವು. ಡಯಾಲಿಸಿಸ್ ಮುಗಿಸಿ ಆಟೊದಲ್ಲಿ ಬರುವವರಿಗೆ ಗೊತ್ತಿರುವುದು ಅವುಗಳ ಹೊಂಡಗಳು ಮಾತ್ರ. ಅಮ್ಮ ಕಂಬಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡಲಾರದೆ ಅಪ್ಪ, ಜೀವಮಾನವೆಲ್ಲ ಬಸ್ಸಿನಲ್ಲೇ ಓಡಾಡಿದ ಮೇಷ್ಟ್ರು, ಕಾರು ಕೊಳ್ಳಲು ಹೊರಟರು. ಓಡಿಸುವುದು ನಾನೆಂದಾಯಿತು. ನನ್ನಲ್ಲಿ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ.

ಮಾರುವವನಿಗೆ ಅಪ್ಪ ಎಲ್ಲವನ್ನೂ ಹೇಳಿಬಿಟ್ಟರು. ಕಷ್ಟ ಕೇಳಿದವನು ಮೋಸ ಮಾಡಲಾರ ಎಂದು ಅವರ ನಂಬಿಕೆ. ಆತ ಹಿಂದಿನ ಸೀಟು ತಟ್ಟಿ, ಅಮ್ಮಾವ್ರು ಇಲ್ಲಿ ಆರಾಮಾಗಿ ಮಲಗಬಹುದು ಎಂದ. ಸಂಜೆ ಇನ್ನೊಂದು ಪಾರ್ಟಿ ಬರುತ್ತದೆ ಎಂದ. ಮೆಕ್ಯಾನಿಕ್‌ಗೆ ತೋರಿಸಬೇಕು ಎಂದು ನಾನು ಗೊಣಗಿದಾಗ ಬೇಡವೆನ್ನಲಿಲ್ಲ.

"ಧಾರಾಳವಾಗಿ ತೋರ್ಸಿ ಮೇಡಂ. ಆದ್ರೆ ಇವತ್ತು ದಿನ ಚೆನ್ನಾಗಿದೆ, ಮೊದ್ಲು ಅಮ್ಮಾವ್ರ ಕೈಲಿ ಪೂಜೆ ಮಾಡಿಸ್ಬಿಡಿ."

ಗಣೇಶನ ಗುಡಿಯ ಮುಂದೆ ಅಮ್ಮನೇ ಕುಂಕುಮ ಇಟ್ಟು ಆರತಿ ಎತ್ತಿದಳು. ಬಗ್ಗಲಾಗದಿದ್ದರೂ ಹಟ ಮಾಡಿ ಚಕ್ರದಡಿಗೆ ನಿಂಬೆಹಣ್ಣು ಇಟ್ಟಳು. ದೇವರ ಮುಂದೆ ನಿಂತು ಬಂದ ಗಾಡಿಯನ್ನು ಅನುಮಾನಿಸಿ ಯಾರಾದರೂ ಮೆಕ್ಯಾನಿಕ್ ಬಳಿ ಒಯ್ಯುತ್ತಾರೆಯೇ? ನಮ್ಮಂಥವರು ಆತನಿಗೆ ಚೆನ್ನಾಗಿ ಗೊತ್ತಿದ್ದರು.

ಮೊದಲ ಮಳೆಗೆ ಮಲ್ಲಿಗೆಯ ಅಡಿಯಿಂದ ಮೋರಿಯ ವಾಸನೆ ಎದ್ದಿತು. ಅದೇ ಮಳೆಯಲ್ಲಿ, ಆಸ್ಪತ್ರೆಯ ದಾರಿಯಲ್ಲಿ ಇಂಜಿನ್ ನಿಂತಿತು. ಆಟೊ ಸಿಗಲಿಲ್ಲ, ಅಮ್ಮನ ಸರದಿ ತಪ್ಪಿತು. ಮರುದಿನ ಮೆಕ್ಯಾನಿಕ್ ಕಾರಿನೊಳಗಿನ ಕಾರ್ಪೆಟ್ ಎತ್ತಿದರೆ ಕೆಳಗೆಲ್ಲ ಒಣಗಿದ ಕೆಸರು. ಎಲ್ಲೋ ಪ್ರವಾಹದಲ್ಲಿ ಮುಳುಗಿ ಎದ್ದ ಗಾಡಿ ಎಂದ. ಕೇಳಲು ಹೋದ ಅಪ್ಪನಿಗೆ ಮಾರಿದವನು ಮೆತ್ತಗೆ ಹೇಳಿದನಂತೆ: "ಪೂಜೆ ಆಗಿರೋ ಗಾಡಿ ವಾಪಸ್ ಕೊಟ್ರೆ ಮನೆಗೆ ಒಳ್ಳೇದಲ್ಲ ಸಾರ್. ಅದೂ ಅಮ್ಮಾವ್ರು ಹೀಗಿರುವಾಗ."

ಅಪ್ಪ ಹಾಗೇ ಮನೆಗೆ ಬಂದರು. ಮೋಸಹೋದೆವೆಂದು ನಿಮ್ಮಮ್ಮ ಕೊರಗುತ್ತಾಳೆ, ಹೇಳಬೇಡ ಎಂದರು. ಹೇಳಲಿಲ್ಲ. ಅಮ್ಮ ತನ್ನದೇ ಬೇರೆ ಕೊರಗು ಹುಡುಕಿಕೊಂಡಳು.

"ನನ್ನ ಕೈಗುಣ ಕಣೇ," ಎಂದಳು ಒಂದು ಮಧ್ಯಾಹ್ನ. "ಕಾಯಿಲೆಯವಳು ನಾನು ಆರತಿ ಎತ್ತಬಾರ್ದಿತ್ತು."

ನಾನು ಅಪ್ಪನ ಕಡೆ ನೋಡಿದೆ. ಅವರು ಪೇಪರ್ ಮಡಿಸುತ್ತಿದ್ದರು. ಆ ದೀಪಾವಳಿಗೆ ಅಮ್ಮ ದೀಪ ಮುಟ್ಟಲಿಲ್ಲ, ನನ್ನ ಕೈಯಲ್ಲೇ ಹಚ್ಚಿಸಿದಳು. ಯುಗಾದಿಗೆ ಅವಳೇ ಇರಲಿಲ್ಲ.

ಈಗ ಅಪ್ಪನಿಗೆ ಮಂಡಿನೋವು, ಅದಕ್ಕೇ ಮತ್ತೆ ಕಾರು. ಇವತ್ತಿನವನು ಕೂಡ ತಟ್ಟೆ, ನಿಂಬೆಹಣ್ಣು ಸಿದ್ಧವಾಗಿಟ್ಟಿದ್ದ. ಮೊದಲು ಕಾರ್ಪೆಟ್ ಎತ್ತಿ ಎಂದೆ. ಗಮ್ ಹಾಕಿದೆ, ಬರಲ್ಲ ಮೇಡಂ ಎಂದ. ಅಂಚಿಗೆ ಉಗುರು ಹಾಕಿ ನಾನೇ ಎಳೆದೆ, ಬಂತು. ಕೆಳಗಿನ ತಗಡು ಒಣಗಿ ಶುಭ್ರವಾಗಿತ್ತು. ಆದರೂ ನಾಳೆ ಮೆಕ್ಯಾನಿಕ್ ಜೊತೆ ಬರುತ್ತೇನೆಂದು ಹೇಳಿ ಹೊರಟೆ.

ಮನೆಯಲ್ಲಿ ಅಪ್ಪ ಬಾಗಿಲಲ್ಲೇ ಕೇಳಿದರು, "ಎತ್ತಿ ನೋಡ್ದ್ಯಾ?"

"ನೋಡ್ದೆ. ಕೆಸರಿಲ್ಲ."

ಅವರು ಮಂಡಿ ಹಿಡಿದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಅವಳಿಗೆ ಹೇಳ್ಬಿಡ್ಬೇಕಿತ್ತು," ಎಂದರು. "ಗಾಡೀನೇ ಕೆಟ್ಟದ್ದು, ನಿನ್ನ ಕೈಯಲ್ಲ ಅಂತ."

ಅವರ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು. ಕೇಳಬೇಕಾದವಳು ಇರಲಿಲ್ಲ.